ಒಂದೇ ಪೆಟ್ಟಿಗೆಯ ಎರಡು ಕೆಂಪು ಕಿರಣ

ನೀಲಮ ಶಿಂಗೆ ಮೇಡಮ್ ನಮಗೆ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಫಿಜಿಕ್ಸ್ ಕಲಿಸುತ್ತಿದ್ದರು. ಮೊದಲ ದಿನ ಕ್ಲಾಸಿಗೆ ಬಂದವರೇ ಹೆಸರು ಕೇಳಲಿಲ್ಲ, ಹಾಜರಿ ಕೂಗಲಿಲ್ಲ, ಒಂದು ಸ್ಟೀಲಿನ ತುಂಡನ್ನು ಟೇಬಲ್ ಮೇಲಿಟ್ಟು ಇದರ ಉದ್ದ ಹೇಳಿ ಎಂದರು. ಅಮಿತ ತನ್ನ ಸ್ಕೇಲ್ ಹಿಡಿದು ಹತ್ತು ಸೆಂಟಿಮೀಟರ್ ಎಂದ.

"ನಿನ್ನ ಸ್ಕೇಲ್ ಖರೇ ಹೇಳ್ತೈತಿ ಅಂತ ಹೆಂಗ ಗೊತ್ತು?"

ಅಮಿತ ನನ್ನ ಸ್ಕೇಲ್ ಕಸಿದುಕೊಂಡು ತನ್ನದರ ಪಕ್ಕಕ್ಕೆ ಹಚ್ಚಿ ತೋರಿಸಿದ. ಗೆರೆಗೆ ಗೆರೆ ಕೂಡಿತ್ತು.

"ಎಲ್ಲಿ ತಗೊಂಡ್ರಿ ಇವನ್ನ?"

"ಬಸ್ ಸ್ಟ್ಯಾಂಡ್ ಮುಂದಿನ ಅಂಗಡ್ಯಾಗ್ರಿ ಮೇಡಮ್. ಇಬ್ರೂ ಅಲ್ಲೇ ತಗೊಂಡೀವ್ರಿ."

"ಅಂದ್ರ ಒಂದ ಡಬ್ಬಿ ಸ್ಕೇಲು. ಸುಳ್ಳ ಹೇಳೂ ಅಣ್ಣನ ಸಾಕ್ಷಿಗೆ ತಮ್ಮನ್ನ ಕರಕೊಂಡ ಬಂದಂಗಾತು ನೋಡ ಇದು."

ಇಡೀ ಕ್ಲಾಸು ನಕ್ಕಿತು. ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ. ಜಗತ್ತಿನಲ್ಲಿ ಮೀಟರ್ ಎನ್ನುವುದು ಈಗ ಯಾವ ಲೋಹದ ಕಂಬಿಯಲ್ಲೂ ಇಲ್ಲ, ಅದು ಬೆಳಕಿನಲ್ಲಿದೆ. ಕೆಂಪು ಲೇಸರಿನ ಒಂದೊಂದು ಅಲೆಯೂ ಒಂದೊಂದು ಗೆರೆ, ಅಲೆಗಳನ್ನು ಎಣಿಸಿದರೆ ಉದ್ದ ಸಿಗುತ್ತದೆ. ಕೊಲ್ಲಾಪುರದ ಕಾರ್ಖಾನೆಗಳಲ್ಲಿ ಎಂಜಿನ್ ಭಾಗ ಅಳೆಯುವ ಸ್ಟೀಲ್ ತುಂಡುಗಳಿಗೂ ಕೊನೆಗೆ ಸಾಕ್ಷಿ ಹೇಳುವುದು ಅದೇ ಬೆಳಕು. ತೊಂದರೆ ಏನೆಂದರೆ ಲೇಸರಿನ ಗಾಜಿನ ಕೊಳವೆ ಬಿಸಿಯಾದಂತೆ ಉದ್ದವಾಗುತ್ತದೆ, ಆಗ ಅದರ ಬಣ್ಣ ಕಣ್ಣಿಗೆ ಕಾಣದಷ್ಟು ಸರಿಯುತ್ತದೆ, ಬಣ್ಣ ಸರಿದರೆ ಅಲೆಯ ಅಳತೆಯೂ ಸರಿಯುತ್ತದೆ. ಅದನ್ನು ಒಂದು ಕಡೆ ನಿಲ್ಲಿಸುವ ವಿಧಾನಗಳಲ್ಲಿ ಯಾವುದು ಎಷ್ಟು ಚೆನ್ನ ಎಂದು ಹೋಲಿಸುವುದೇ ಮೇಡಮ್ಮರ ಪಿಎಚ್.ಡಿ.

ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಬರೆ ಎಂದರು, ಆದರೆ ಬ್ಯಾನರಿನ ಕಥೆ ಬಿಟ್ಟು ಬರೆಯಬೇಡ ಎಂದರು.

ಮೇಡಮ್ ಬೋರಗಾಂವದವರು. ತಂದೆ ಬಾಳು ಇನ್ನೊಬ್ಬರ ಪಾವರ್‌ಲೂಮಿನಲ್ಲಿ ಕೆಲಸ ಮಾಡಿದವರು, ತಾಯಿ ಕಬ್ಬಿನ ಕಳೆ ತೆಗೆಯಲು ಹೋಗುತ್ತಿದ್ದವರು. ಮನೆಯ ಎರಡೂ ಕಡೆ ಮಗ್ಗಗಳು. ಸಣ್ಣವರಿದ್ದಾಗ ಮಗ್ಗದ ಸಪ್ಪಳಕ್ಕೆ ನಿದ್ದೆ ಬರುತ್ತಿತ್ತಂತೆ, ಕರೆಂಟ್ ಹೋಗಿ ಸಪ್ಪಳ ನಿಂತರೆ ಎಚ್ಚರವಾಗುತ್ತಿತ್ತಂತೆ. ಆ ಗಲ್ಲಿಯಲ್ಲಿ ಎಂ.ಎಸ್ಸಿ. ಮಾಡಿದವರಲ್ಲಿ ಅವರೇ ಮೊದಲಿಗರು. ಗಲ್ಲಿಯ ಬುದ್ಧವಿಹಾರದಲ್ಲಿ ಸಂಜೆ ವಂದನೆಗೆ ಕೂತ ಹುಡುಗಿಯರಿಗೆ ದೊಡ್ಡವರು "ನೀಲಮಕ್ಕನಂಗ ಕಲೀರಿ" ಎನ್ನುತ್ತಿದ್ದರು. ಗಲ್ಲಿಯ ಹೊರಗೆ, ಸ್ಟ್ಯಾಂಡಿನ ಬಳಿ ಚಹಾ ಮಾರುವ ಭರಮು ಮಾತ್ರ ಬೇರೆ ಮಾತು ಆಡುತ್ತಿದ್ದ. "ಅಕೀಗೆ ಸೀಟ್ ಸಿಗೂದು ಏನ್ ದೊಡ್ಡದಲೇ. ಅವ್ರಿಗೆ ಸರ್ಕಾರನ ಕರದ ಕೊಡ್ತೈತಿ." ಇದನ್ನು ಅವನು ಮೇಡಮ್ ಚಹಾ ಕುಡಿಯುತ್ತಿರುವಾಗಲೇ ಇನ್ನೊಬ್ಬರಿಗೆ ಹೇಳಿದಂತೆ ಹೇಳುತ್ತಿದ್ದ. ಅವರು ಕಪ್ಪು ಇಟ್ಟು ಎದ್ದು ಬರುತ್ತಿದ್ದರು.

ಅವರ ಲೇಸರುಗಳು ಇದ್ದದ್ದು ನಿಪ್ಪಾಣಿಯಲ್ಲಿ, ನಮ್ಮ ಕಾಲೇಜು ಬಾಡಿಗೆಗೆ ಹಿಡಿದ ಹಳೆಯ ತಂಬಾಕಿನ ಗೋದಾಮಿನ ಒಂದು ಕೋಣೆಯಲ್ಲಿ. ಗೋಡೆ ಮೊಳಕ್ಕಿಂತ ದಪ್ಪ, ಒಳಗೆ ತಂಪು, ತಂಬಾಕು ಹೋಗಿ ಎಷ್ಟೋ ವರ್ಷ ಆಗಿದ್ದರೂ ನಾನು ಮನೆಗೆ ಹೋದರೆ ನಮ್ಮವ್ವ ದುಪಟ್ಟಾ ಮೂಸಿ ನೋಡುತ್ತಿದ್ದಳು. ಅಮಿತ ಮತ್ತು ನಾನು ಪ್ರಾಜೆಕ್ಟ್ ನೆಪದಲ್ಲಿ ಅಲ್ಲೇ ಬಿದ್ದಿರುತ್ತಿದ್ದೆವು. ಎರಡು ಕೆಂಪು ಲೇಸರ್. ಮೊದಲನೆಯದು ಅಗ್ಗದ ವಿಧಾನ: ಕೊಳವೆಯಿಂದ ಎರಡು ಬಗೆಯ ಬೆಳಕು ಒಟ್ಟಿಗೆ ಬರುತ್ತದೆ, ಎರಡರ ಪ್ರಕಾಶ ಸಮ ಇರುವಂತೆ ಕೊಳವೆಗೆ ಸುತ್ತಿದ ತಂತಿಯನ್ನು ಬಿಸಿ ಮಾಡುತ್ತ ಆರಿಸುತ್ತ ಹೋಗಬೇಕು, ತಕ್ಕಡಿಯ ಎರಡು ತಟ್ಟೆ ಸಮ ಹಿಡಿದ ಹಾಗೆ. ಎರಡನೆಯದರ ಕೊಳವೆಯ ಸುತ್ತ ಅಯಸ್ಕಾಂತ. ಅದು ಬೆಳಕನ್ನು ತೀರ ಹತ್ತಿರದ ಎರಡು ಬಣ್ಣಗಳಾಗಿ ಸೀಳುತ್ತದೆ, ಆ ಸೀಳನ್ನು ಹಿಡಿದು ಲೇಸರನ್ನು ನಿಲ್ಲಿಸುವುದು. ಎರಡೂ ಕಿರಣಗಳನ್ನು ಒಂದೇ ಜಾಗಕ್ಕೆ ಬೀಳಿಸಿದರೆ ಅವುಗಳ ಬಣ್ಣದ ನಡುವಿನ ವ್ಯತ್ಯಾಸ ಮೀಟರಿನಲ್ಲಿ ಅಂಕಿಯಾಗಿ ಕಾಣುತ್ತದೆ. ಅಂಕಿ ಅಲುಗಾಡಿದರೆ ಯಾವುದೋ ಒಂದು ಅಲುಗಾಡುತ್ತಿದೆ ಎಂದರ್ಥ.

ಮೂರನೆಯದೂ ಇದೆ, ಅಯೋಡಿನ್ ವಿಧಾನ, ಎಲ್ಲಕ್ಕಿಂತ ಗಟ್ಟಿ, ಆದರೆ ಅದು ನಮ್ಮಲ್ಲಿ ಇರಲಿಲ್ಲ.

ಗೋದಾಮಿಗೆ ತಾಗಿ ಒಂದು ಖಾರದ ಗಿರಣಿ ಇತ್ತು. ಅದು ಶುರುವಾದೊಡನೆ ನಮ್ಮ ಟ್ಯೂಬ್‌ಲೈಟ್ ಮಂಕಾಗುತ್ತಿತ್ತು, ಅಮಿತ ಸೀನುತ್ತಿದ್ದ, ಎರಡೂ ಲೇಸರ್ ಕೈ ಬಿಟ್ಟು ಓಡುತ್ತಿದ್ದವು. ಆಗ ಮೇಡಮ್ ಮಾಡಿದ್ದು ನಮ್ಮ ಕಡೆಯ ಎಲ್ಲರೂ ಮನೆಯಲ್ಲಿ ಮಾಡುವುದನ್ನೇ. ಮಗ್ಗಗಳ ಊರಿನಲ್ಲಿ ಮಗ್ಗ ಶುರುವಾದರೆ ಟಿವಿ ಸುಡುತ್ತದೆ ಎಂದು ಟಿವಿ, ಫ್ರಿಜ್ಜು, ಮೊಬೈಲ್ ಚಾರ್ಜರ್ ಎಲ್ಲವನ್ನೂ ಮನೆಯ ಒಂದೇ ಒಳ್ಳೆಯ ಸ್ಟೆಬಿಲೈಜರಿಗೆ ನೇತು ಹಾಕುತ್ತೇವಲ್ಲ, ಹಾಗೆ. ಒಂದು ದೊಡ್ಡ ಥರ್ಮಾಕೋಲ್ ಪೆಟ್ಟಿಗೆ, ಅದರೊಳಗೆ ಎರಡೂ ಲೇಸರ್. ಒಂದು ಒಳ್ಳೆಯ ಪಾವರ್ ಸಪ್ಲೈ, ಅದರಿಂದ ಎರಡಕ್ಕೂ ಕರೆಂಟು. ಇಷ್ಟಕ್ಕೆ ನಿಲ್ಲು ಎಂದು ಲೇಸರಿಗೆ ಹೇಳುವ ಸಣ್ಣ ವೋಲ್ಟೇಜು, ರೆಫರೆನ್ಸ್ ವೋಲ್ಟೇಜ್ ಎನ್ನುತ್ತಾರೆ, ಅದೂ ಅದೇ ಡಬ್ಬಿಯಿಂದ ಎರಡಕ್ಕೂ.

ಆ ಚಳಿಗಾಲದಲ್ಲಿ ಅಂಕಿ ನಿಂತಿತು. ಬೆಳಿಗ್ಗೆ ನೋಡಿದರೂ ಅದೇ, ಮಧ್ಯಾಹ್ನ ಬಿಸಿಲೇರಿದ ಮೇಲೂ ಅದೇ, ಗಿರಣಿ ಶುರುವಾಗಿ ಅಮಿತ ಸೀನಿದರೂ ಅದೇ. ಒಂದು ಮೀಟರ್ ಅಳೆದರೆ ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿನಷ್ಟೂ ತಪ್ಪು ಬರದು ಎನ್ನುವಷ್ಟು. ಮೇಡಮ್ ಸ್ಟೂಲಿನ ಮೇಲೆ ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಗ್ಗದ ವಿಧಾನವೂ ಅಯಸ್ಕಾಂತದ ವಿಧಾನದಷ್ಟೇ ಚೆನ್ನ ಎಂದು ಪೇಪರ್ ಬರೆದರು, ಅವರ ಗೈಡ್ ಮತ್ತು ನಮ್ಮ ವಿಭಾಗದ ಮುಖ್ಯಸ್ಥ ಬಾಪುಸಾಹೇಬ ಸರ್ ಅದಕ್ಕೆ ತಮ್ಮ ಹೆಸರೂ ಸೇರಿಸಿದರು, ಪುಣೆಯ ಸಮ್ಮೇಳನವೊಂದರಿಂದ ಒಪ್ಪಿಗೆ ಬಂತು.

ಸುದ್ದಿ ಬೋರಗಾಂವ ಮುಟ್ಟುವಷ್ಟರಲ್ಲಿ ಮೇಡಮ್ಮರ ಲೇಸರ್ ದಿಲ್ಲಿಯ ಲೇಸರನ್ನು ಸೋಲಿಸಿತ್ತು. ನಮ್ಮ ಕಡೆ ಯಾರಿಗೆ ಏನು ಒಳ್ಳೆಯದಾದರೂ, ಪೊಲೀಸ್ ಭರ್ತಿಯಾಗಲಿ ಸೊಸೈಟಿ ಚುನಾವಣೆ ಗೆಲ್ಲಲಿ, ಎರಡು ಕೆಲಸ ಆಗಲೇಬೇಕು: ಸ್ಟ್ಯಾಂಡಿನಲ್ಲಿ ಡಿಜಿಟಲ್ ಬ್ಯಾನರ್, ಆಮೇಲೆ ತಲೆಗೆ ಫೇಟಾ ಸುತ್ತಿ ಸತ್ಕಾರ. ಗಲ್ಲಿಯ ತರುಣ ಮಂಡಳದ ಅಧ್ಯಕ್ಷ ಮೇಡಮ್ಮರ ತಮ್ಮ ವಿಕ್ರಾಂತನೇ. 2014ರ ಮೇ ತಿಂಗಳು, ಬುದ್ಧ ಪೌರ್ಣಿಮೆಯ ದಿನ ವಿಹಾರದಲ್ಲಿ ಸತ್ಕಾರ ಎಂದು ನಿಶ್ಚಯವಾಯಿತು. ಅದಕ್ಕಿಂತ ಮೊದಲು ಪುಣೆಯ ಒಂದು ಪ್ರಯೋಗಾಲಯದಲ್ಲಿ ಅಯೋಡಿನ್ ಲೇಸರಿನ ಜೊತೆ ನಮ್ಮವನ್ನು ಹಚ್ಚಿ ನೋಡಲು ಸಮಯ ಸಿಕ್ಕಿತ್ತು. ಸಮ್ಮೇಳನದಲ್ಲಿ ಯಾರಾದರೂ ಕೇಳಿದರೆ ಇರಲಿ ಎಂದು ಮೇಡಮ್ ಹೋದರು. ಪೆಟ್ಟಿಗೆ ಹೊರಲು ಅಮಿತ, ಜೊತೆಗೆ ನಾನು.

ಆ ಅಯೋಡಿನ್ ಲೇಸರ್ ನೋಡಿ ನಾನು ಮೊದಲ ಸಲ ಸಮುದ್ರ ನೋಡಿದವಳ ಹಾಗೆ ನಿಂತುಬಿಟ್ಟೆ. ಬೆರಳುದ್ದದ ಗಾಜಿನ ಕುಪ್ಪಿಯಲ್ಲಿ ಒಂದಿಷ್ಟು ಅಯೋಡಿನ್ ಆವಿ. ಅಯೋಡಿನ್ ಅಣುವಿಗೆ ಊರು ಗೊತ್ತಿಲ್ಲ, ಗಿರಣಿ ಗೊತ್ತಿಲ್ಲ; ಅದು ತನಗೆ ಬೇಕಾದ ಬಣ್ಣವನ್ನಷ್ಟೇ ಹೀರುತ್ತದೆ, ಲೇಸರ್ ಆ ಬಣ್ಣಕ್ಕೆ ಅಂಟಿಕೊಂಡು ನಿಲ್ಲುತ್ತದೆ. ನಮ್ಮ ಎರಡೂ ಲೇಸರುಗಳನ್ನು ಅದರ ಜೊತೆ ಹಚ್ಚಿದರು. ಮಧ್ಯಾಹ್ನ ಎ.ಸಿ. ಯಾಕೋ ನಿಂತಿತು, ಕೋಣೆ ಬಿಸಿಯಾಯಿತು, ನಮ್ಮ ಮೊದಲ ಲೇಸರಿನ ಅಂಕಿ ಏರತೊಡಗಿತು. ಎರಡನೆಯದೂ ಏರಿತು, ಅಷ್ಟೇ ಏರಿತು. ಎರಡರ ನಡುವಿನ ಅಂಕಿ ಮಾತ್ರ ಗೋದಾಮಿನಲ್ಲಿ ನಿಂತಂತೆ ನಿಂತೇ ಇತ್ತು.

ಅಲ್ಲಿನ ಆಫೀಸರ್ ಕನ್ನಡದವರೇ, ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು, "ಎರಡಕ್ಕೂ ಸಪ್ಲೈ ಒಂದೇನಾ ಮೇಡಮ್?"

"ಹೌದ್ರಿ."

"ರೆಫರೆನ್ಸ್ ವೋಲ್ಟೇಜ್?"

ಮೇಡಮ್ ತಮ್ಮ ಒಂದೇ ಡಬ್ಬಿಯ ಕಡೆ ನೋಡಿದರು. ಆಫೀಸರ್ ಬೈಯಲಿಲ್ಲ, ಚಹಾ ತರಿಸಿದರು, ಇದು ಎಲ್ಲರಿಗೂ ಆಗುತ್ತೆ ಎಂದರು. ಮೇಡಮ್ ಕಪ್ಪಿನಲ್ಲಿ ಕೆನೆ ಕಟ್ಟುವವರೆಗೆ ಅದನ್ನೇ ನೋಡುತ್ತ ಕೂತರು. ಕೊನೆಗೆ ಅಮಿತನ ಕಡೆ ತಿರುಗಿ ಮೆಲ್ಲಗೆ, "ಸ್ಟ್ಯಾಂಡ್ ಮುಂದಿನ ಅಂಗಡಿ ಸ್ಕೇಲ್ ನೋಡ" ಎಂದರು. ಅಮಿತನಿಗೆ ನಗು ಬರಲಿಲ್ಲ. ತಾವೇ ಮೊದಲ ದಿನ ಕಲಿಸಿದ ಪಾಠದಲ್ಲಿ ತಾವೇ ಬಿದ್ದಿದ್ದರು. ಬಸ್ಸಿನಲ್ಲಿ ಕಿಟಕಿ ಮುಚ್ಚಿದ್ದರೂ, ಧೂಳು ಇರದಿದ್ದರೂ, ಸ್ಕೂಟಿಯ ಮೇಲೆ ಕಟ್ಟುವ ಹಾಗೆ ಮುಖಕ್ಕೆ ಸ್ಕಾರ್ಫ್ ಕಟ್ಟಿಕೊಂಡು ಕೂತರು. ಊರು ಬರುವವರೆಗೂ ಬಿಚ್ಚಲಿಲ್ಲ.

ಬೋರಗಾಂವದಲ್ಲಿ ಇಳಿದರೆ ಬ್ಯಾನರ್ ಎದ್ದಿತ್ತು. ಎರಡು ಕಂಬದ ನಡುವೆ ಮೇಡಮ್ಮರ ಮುಖ, ಬಸ್ಸಿನ ಗಾಜಿಗಿಂತ ದೊಡ್ಡದು, ಹಿಂದೆ ಕೆಂಪು ಕಿರಣಗಳು, ಕೆಳಗೆ ಮಂಡಳದ ಹುಡುಗರೆಲ್ಲರ ಸಣ್ಣ ಸಣ್ಣ ಮುಖ. "ಬೆಳಕನ್ನು ನಿಲ್ಲಿಸಿದ ನಮ್ಮೂರ ಮಗಳು" ಎಂದು ಬರೆದಿತ್ತು. ಅದರ ಕೆಳಗೆ ಬಾಳು ಕಾಕಾ ಯಾರೋ ನೆಂಟರನ್ನು ನಿಲ್ಲಿಸಿಕೊಂಡು ಕುತ್ತಿಗೆ ಮೇಲೆತ್ತಿ ತೋರಿಸುತ್ತಿದ್ದರು.

"ಬಂದಳ ನೋಡ್ರಿ," ಎಂದರು ಅವರು. "ಅಲ್ಲೆ ಮ್ಯಾಲೂ ಇಕೀನ, ಇಲ್ಲೆ ಕೆಳಗೂ ಇಕೀನ."

ಮೇಡಮ್ ಸ್ಕಾರ್ಫ್ ಬಿಚ್ಚದೆಯೇ ನೆಂಟರಿಗೆ ಕೈ ಮುಗಿದರು.

ಮರುದಿನದಿಂದ ಅವರು ಸ್ಟ್ಯಾಂಡಿನ ದಾರಿ ಬಿಟ್ಟರು. ಕಬ್ಬಿನ ಗದ್ದೆಯ ಬದುವಿನ ಮೇಲೆ ಬಂದು ಹಿಂದಿನ ಸ್ಟಾಪಿನಲ್ಲಿ ಬಸ್ ಹತ್ತುತ್ತಿದ್ದರು. ರಜೆ ಇದ್ದರೂ ಅಮಿತ, ನಾನು ಗೋದಾಮಿಗೆ ಬರುತ್ತಿದ್ದೆವು. ಅವರು ಕೋಣೆಗೆ ಬಂದು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ನಾವು ಏನಾದರೂ ಕೇಳಿದರೆ "ಹೂಂ" ಅನ್ನುವರು. ಬ್ಯಾನರ್ ಇಳಿಸು ಎಂದು ವಿಕ್ರಾಂತನಿಗೆ ಹೇಳಿ ನೋಡಿದ್ದರು.

"ಯಾಕಕ್ಕಾ, ಫೋಟೋ ಚಲೋ ಬಂದಿಲ್ಲನ?"

"ಫೋಟೋ ಅಲ್ಲೋ. ಇಳಸ ಅಂದ್ರ ಇಳಸ."

"ಊರಾಗ ಎಂತೆಂಥಾವ್ರ ಬ್ಯಾನರ್ ಹರಿಯೂತನಾ ಇರ್ತಾವು. ನಮ್ಮದೊಂದು ಎದ್ದೈತಿ, ಅದನ್ನೂ ಇಳಸಬೇಕಾ? ಭರಮ್ಯಾ ದಿನಾ ಅದರ ಕೆಳಗ ಚಹಾ ಕಾಸಾಕತ್ತಾನ. ಕಾಸ್ಲಿ."

ನಿಜ ಹೇಳಿದರೆ ಇಡೀ ಗಲ್ಲಿ ತಲೆ ತಗ್ಗಿಸಬೇಕು, ಸುಮ್ಮನಿದ್ದರೆ ಆ ಗಲ್ಲಿಯ ಕೈಯಿಂದಲೇ ಸುಳ್ಳಿಗೆ ಫೇಟಾ ಸುತ್ತಿಸಿಕೊಳ್ಳಬೇಕು.

ಬಾಪುಸಾಹೇಬ ಸರ್ ಗೋದಾಮಿಗೆ ಬಂದರು. ಅಂಕಿಗಳನ್ನೆಲ್ಲ ನೋಡಿ, ಹಣೆ ಒರೆಸಿಕೊಂಡು ಸ್ಟೂಲ್ ಎಳೆದುಕೊಂಡರು.

"ಎರಡರ ನಡುವಿನ ವ್ಯತ್ಯಾಸ ನಿಂತಿತ್ತು ಅಂತ ಬರದೇವಿ. ಅದು ನಿಂತಿತ್ತು. ಸುಳ್ಳ ಏನೈತಿ?"

"ವ್ಯತ್ಯಾಸ ನಿಂತಿತ್ರಿ ಸರ್. ಲೇಸರ್ ನಿಂತಿದ್ದಿಲ್ಲ."

"ಸಮ್ಮೇಳನದಾಗ ಯಾವನೂ ಸಪ್ಲೈ ಬಗ್ಗೆ ಕೇಳೂದಿಲ್ಲ. ಸತ್ಕಾರ ಆಗ್ಲಿ, ಪೇಪರ್ ಓದ್ರಿ, ಥೀಸಿಸ್‌ನ್ಯಾಗ ತಿದ್ದೂನು. ನನಗೂ ಸತ್ಕಾರದಾಗ ಭಾಷಣ ಐತಿ, ನೆನಪಿರ್ಲಿ."

ಸರ್ ಕೆಟ್ಟವರಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ನೀಲಮ, ನಿಮ್ಮನ್ನ ನೋಡಿ ನಗೂ ಮಂದಿ ಭಾಳ ಅದಾರ. ಅವ್ರಿಗೆ ಯಾಕ ಕೈಯಾರೆ ಕೊಡ್ತೀರಿ," ಎಂದರು. ಮೇಡಮ್ಮರ ನಿದ್ದೆ ಕೆಡಿಸಿದ್ದು ಆ ಮಾತೇ. ಆಗ ತಮಗೂ ಸುಮ್ಮನಿರಬೇಕು ಅನ್ನಿಸಿತ್ತು, ಅದನ್ನೂ ಬರೆ ಎಂದು ಹೇಳಿದ್ದಾರೆ.

ಪೌರ್ಣಿಮೆಯ ಸಂಜೆ ವಿಹಾರದ ಮುಂದೆ ಶಾಮಿಯಾನ. ಬಿಳಿ ಸೀರೆಯ ಹೆಂಗಸರು, ಖೀರಿನ ದೊಡ್ಡ ಪಾತ್ರೆ, ಮುಂದಿನ ಸಾಲಿನಲ್ಲಿ ವಿಹಾರದ ಹುಡುಗಿಯರು ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಕೂತಿದ್ದರು. ಗಲ್ಲಿಗೆಲ್ಲ ಹಿರಿಯಳಾದ ಗೌರಾಬಾಯಿ ಆಜಿಗೆ ಒಂದು ಕುರ್ಚಿ ಹಾಕಿದ್ದರು. ಭರಮು ಕೂಡ ಬಂದು ದೂರದಲ್ಲಿ ಕೈ ಕಟ್ಟಿ ನಿಂತಿದ್ದ, ಚಹಾದ ಆರ್ಡರ್ ಅವನದೇ ಆಗಿತ್ತು. ಬಾಪುಸಾಹೇಬ ಸರ್ ಮಾತಾಡಿದರು. ಫೇಟಾ ತಂದರು. ಬಾಳು ಕಾಕಾನೇ ಸುತ್ತಬೇಕು ಎಂದು ಎಲ್ಲರೂ ಕೂಗಿದರು, ಅವರು ಎದ್ದು ಬಂದು ಅಂಗಿಗೆ ಕೈ ಒರೆಸಿಕೊಂಡರು.

"ಬಾಬಾ, ತಡೀರಿ," ಎಂದರು ಮೇಡಮ್. "ಮೊದಲ ನಾ ಮಾತಾಡ್ತೇನಿ. ಆಮ್ಯಾಲೆ ಸುತ್ತೂದು ಬಿಡೂದು ನಿಮಗ ಬಿಟ್ಟದ್ದು."

ಮೈಕ್ ಹಿಡಿದರು, ಸ್ಪೀಕರಿನಲ್ಲಿ ಬಳೆಯ ಸಪ್ಪಳ ಕೇಳಿತು.

"ಒಂದ ನೊಗಕ್ಕ ಎರಡ ಎತ್ತ ಕಟ್ಟಿದ್ದೆ. ಎರಡರ ನಡುವಿನ ಅಂತರ ಅಳದೆ. ಬೆಳಿಗ್ಗೆ ಎಷ್ಟಿತ್ತೋ ಸಂಜೀಕೂ ಅಷ್ಟ ಇತ್ತು. ಎತ್ತು ನಿಂತಾವು, ಅಲುಗಾಡಿಲ್ಲ ಅಂತ ಊರಿಗೆಲ್ಲಾ ಹೇಳಿದೆ. ಎತ್ತು ನಡದ ಹೋಗಿದ್ವು. ಗಾಡಿ ಸಮೇತ ಹೋಗಿದ್ವು. ನಾ ನೊಗಾನ ನೋಡಕೋತ ಕುಂತಿದ್ದೆ. ಸ್ಟ್ಯಾಂಡಿನ್ಯಾಗ ನೀವು ಬರದದ್ದು ಖರೇ ಅಲ್ಲ. ಬೆಳಕ ನಿಂತಿಲ್ಲ. ಪೇಪರ್ ವಾಪಸ್ ತಗೋತೀನಿ ಅಂತ ಇವತ್ತ ಪುಣೆಕ್ಕ ಕಳಿಸೇನಿ. ತಪ್ಪು ನಂದು. ಸರ್‌ದಲ್ಲ, ಹುಡುಗರದಲ್ಲ. ನನಗ ಹೇಳಾಕ ನಾಚಿಕಿ ಬಂದು ಇಷ್ಟ ದಿನ ಹೇಳಲಿಲ್ಲ, ಅದೂ ನಂದ ತಪ್ಪು."

ಬಾಪುಸಾಹೇಬ ಸರ್ ತಮ್ಮ ಹಾರದ ಹೂವನ್ನು ಒಂದೊಂದೇ ಬಿಡಿಸುತ್ತಿದ್ದರು. ವಿಕ್ರಾಂತ ಎದ್ದು ಶಾಮಿಯಾನದ ಹಿಂದೆ ಹೋದ. ಕಾಕಾ ಫೇಟಾದ ಬಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಕೆಳಗಿಡಬೇಕೋ, ಸುತ್ತಬೇಕೋ, ಯಾರ ಮುಖ ನೋಡಬೇಕೋ ಅವರಿಗೆ ತಿಳಿಯದೆ ಹೋದದ್ದನ್ನು ನಾವೆಲ್ಲ ನೋಡಿದೆವು.

ಗೌರಾಬಾಯಿ ಆಜಿ ಕುರ್ಚಿಯಿಂದಲೇ ಕೇಳಿದಳು, "ಹಂಗಾರ ಎತ್ತು ಈಗ ಎಲ್ಲದಾವ್ವಾ?"

"ಹುಡಕಬೇಕು ಆಜಿ. ಒಂದೊಂದನ್ನ ಬ್ಯಾರೆ ಬ್ಯಾರೆ ಕಟ್ಟಿ ನೋಡಬೇಕು."

"ಎಷ್ಟ ದಿನ ಹಿಡಿತೈತಿ?"

"ವರ್ಷ ಹಿಡಿಬಹುದು."

"ಮತ್ತ ಖೀರು ಇವತ್ತ ಹಂಚಬೇಕೋ, ಎತ್ತು ಸಿಕ್ಕ ಮ್ಯಾಲೋ?"

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಖೀರು ಪೌರ್ಣಿಮೆಯದು, ಹಂಚಲೇಬೇಕಿತ್ತು, ಹಂಚಿದರು. ಫೇಟಾ ಯಾರ ತಲೆಗೂ ಏರಲಿಲ್ಲ. ಭರಮು ಚಹಾದ ಕಪ್ಪುಗಳನ್ನು ಆರಿಸುತ್ತ ನಮ್ಮ ಬಳಿ ಬಂದು, "ಲೇಸರ್ ಪಂಕ್ಚರ್ ಆತಂತಲ್ಲ ನಿಮ್ಮ ಮೇಡಮ್‌ದು," ಎಂದ. ಅಮಿತ ಅವನ ಟ್ರೇ ಮೇಲೆ ತನ್ನ ಅರ್ಧ ಕಪ್ಪನ್ನು ಇಟ್ಟು, "ಹೌದು, ಅವ್ರ ತಾವ ಹೇಳಿದ್ರು," ಎಂದ. ಭರಮು ಬೇರೆ ಕಡೆ ಹೋಗಿ ಪಂಕ್ಚರ್ ಮಾತನ್ನೇ ಹೇಳಿ ನಗಿಸಿದ. ಮೇಡಮ್ಮರಿಗೆ ಅದು ಕೇಳಿಸಿತು.

ಮರುದಿನ ಬೆಳಿಗ್ಗೆ ಬ್ಯಾನರ್ ಇರಲಿಲ್ಲ. ಕಾಕಾ ತಾವೇ ಏಣಿ ತಂದು ಇಳಿಸಿದ್ದರು. ಮೇಡಮ್ ನಮಗೆ ಇದನ್ನು ಹೇಳುವಾಗ ಗೋಡೆಯ ಕಡೆ ನೋಡುತ್ತಿದ್ದರು. ಕಾಕಾ ಸಿಟ್ಟಾಗಿದ್ದರೆ, ಹರಿದು ಬಿಸಾಡಿದ್ದರೆ ತಡೆದುಕೊಳ್ಳಬಹುದಿತ್ತಂತೆ. ಅವರು ಅದನ್ನು ಮಗ್ಗದಿಂದ ಬಂದ ಬಟ್ಟೆಯನ್ನು ಮಡಚುವ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿ, ಮುಖದ ಮೇಲೆ ಗೆರೆ ಬೀಳದಂತೆ ನೋಡಿಕೊಂಡು, ಪಡಸಾಲೆಯಲ್ಲಿ ಇಟ್ಟಿದ್ದರಂತೆ. ಊಟಕ್ಕೆ ಕೂತಾಗ ಒಂದೇ ಒಂದು ಕೇಳಿದರಂತೆ.

"ಬ್ಯಾರೆ ಬ್ಯಾರೆ ಕಟ್ಟಾಕ ಜಾಗಾ ಐತೇನ ಅಲ್ಲೆ?"

"ಒಂದ ಕೋಣಿ ಐತಿ ಬಾಬಾ. ನಡುವ ಏನರ ಅಡ್ಡ ಹಾಕಬೇಕು."

ಬ್ಯಾನರನ್ನು ಕಾಕಾನೇ ಹೊತ್ತುಕೊಂಡು ಬಸ್ಸಿನಲ್ಲಿ ನಿಪ್ಪಾಣಿಗೆ ತಂದರು. ಅದರ ಬೆನ್ನು ಕಪ್ಪು, ಬೆಳಕು ದಾಟುವುದಿಲ್ಲ. ಗೋದಾಮಿನ ಆ ಗೋಡೆಯಿಂದ ಈ ಗೋಡೆಗೆ ಹಗ್ಗ ಕಟ್ಟಿ ಅದನ್ನು ಪರದೆಯಾಗಿ ಇಳಿಬಿಟ್ಟೆವು. ಪರದೆಯ ಆ ಕಡೆ ಒಂದು ಲೇಸರ್, ಅದಕ್ಕೆ ಬೇರೆ ಪೆಟ್ಟಿಗೆ, ಬೇರೆ ಸಪ್ಲೈ, ಬೇರೆ ವೋಲ್ಟೇಜು. ಈ ಕಡೆ ಇನ್ನೊಂದು. ಅಂಕಿ ನೋಡಲು ಮಾತ್ರ ಪರದೆಯಲ್ಲಿ ಒಂದು ತೂತು, ಅದರಿಂದ ಕೆಂಪು ಕಿರಣ ಈ ಕಡೆ ಬರುತ್ತದೆ. ಅಮಿತ ಮುಖವನ್ನು ಆ ಕಡೆ ತಿರುಗಿಸಿ ಕಟ್ಟಲು ಹೋದ, ಮೇಡಮ್ಮರಿಗೆ ಕಾಣದಿರಲಿ ಎಂದು.

"ಬ್ಯಾಡ. ಈ ಕಡೆ ಇರ್ಲಿ," ಎಂದರು ಅವರು. "ನಾ ಕುಂದರೂ ಕಡೆ."

ಈಗ ಅಂಕಿ ನಿಲ್ಲುವುದಿಲ್ಲ. ಗಿರಣಿ ಶುರುವಾದರೆ ಓಡುತ್ತದೆ, ಬಿಸಿಲೇರಿದರೆ ಓಡುತ್ತದೆ. ಅಗ್ಗದ ವಿಧಾನ ಹೆಚ್ಚು ಓಡುತ್ತದೋ, ಅಯಸ್ಕಾಂತದ್ದೋ ಎನ್ನುವುದು ಪುಣೆಯ ಅಯೋಡಿನ್ ಎದುರು ಇನ್ನೊಮ್ಮೆ ನಿಂತ ಮೇಲೆಯೇ ತಿಳಿಯುವುದು. ನನಗಂತೂ ಓಡುವ ಅಂಕಿ ನೋಡುವುದೇ ಹಬ್ಬ, ಇದು ನಿಜವಾಗಿ ಓಡುತ್ತಿದೆಯಲ್ಲ ಎಂದು. ಮೇಡಮ್ಮರಿಗೆ ಅದು ಹಬ್ಬವಲ್ಲ. ಬೋರಗಾಂವದ ಸ್ಟ್ಯಾಂಡಿನಲ್ಲಿ ಬ್ಯಾನರಿನ ಎರಡು ಕಂಬ ಇನ್ನೂ ಹಾಗೇ ನಿಂತಿವೆ. ಈಗ ಅವರು ಬದುವಿನ ದಾರಿ ಬಿಟ್ಟು ಅವುಗಳ ನಡುವೆಯೇ ನಡೆದು ಬಂದು ಬಸ್ ಹತ್ತುತ್ತಾರೆ, ಆದರೆ ಆ ಜಾಗ ಬಂದಾಗ ಸ್ಕಾರ್ಫನ್ನು ಒಂದು ಸುತ್ತು ಬಿಗಿ ಮಾಡಿಕೊಳ್ಳುತ್ತಾರೆ.